ಫುಲ್ ಕಡ್ಡಿ ಇದೆ, ಆದ್ರೂ ಕಾಲ್ ಯಾಕೆ ಹೋಗಲ್ಲ?

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ಬಸ್ಸಲ್ಲಿ ನಿಂತು ಕೇಳ್ತಿದ್ದೀರೋ, ಹಾಸ್ಟೆಲ್ ಮಂಚದ ಮೇಲೆ ಮಲಗಿ ಕೇಳ್ತಿದ್ದೀರೋ, ಎಲ್ಲೇ ಇರಿ, ಒಂದು ಸಲ ಫೋನಿನ ಮೇಲ್ಗಡೆ ಮೂಲೆ ನೋಡಿ. ಸಿಗ್ನಲ್ ಕಡ್ಡಿ ಎಷ್ಟಿದೆ? ಎರಡಾ, ಮೂರಾ, ಫುಲ್ಲಾ? ಎಷ್ಟಿದೆ ಅಂತ ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಆ ಕಡ್ಡಿಗಳ ಬಗ್ಗೆನೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ತಾಲ್ಲೂಕಲ್ಲಿ ಓಡಾಡಿದವರಿಗೆ ಗೊತ್ತು, ಇಲ್ಲಿ ನೆಟ್‌ವರ್ಕ್ ಅನ್ನೋದು ಮಳೆ ಥರ. ಒಂದು ಹೊಲಕ್ಕೆ ಬೀಳುತ್ತೆ, ಪಕ್ಕದ ಹೊಲಕ್ಕೆ ಇಲ್ಲ. ವಿಮಾನ ನಿಲ್ದಾಣದಿಂದ ಹೊರಟರೆ ಒಂದು ಗಂಟೆ ದಾರಿ ಅಷ್ಟೇ. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಇರೋತನಕ ವಿಡಿಯೊ ಕೂಡ ನಿಲ್ಲಲ್ಲ. ಹೆದ್ದಾರಿ ಬಿಟ್ಟು ಬೆಟ್ಟದ ಸಾಲಿನ ಹಿಂದಕ್ಕೆ ಹೋಗಿ ನೋಡಿ, ಕಥೆನೇ ಬೇರೆ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಅದರ ಅಕ್ಕಪಕ್ಕ ಸ್ಕಂದಗಿರಿ, ಇನ್ನೂ ಹೆಸರಿರೋ ಹೆಸರಿಲ್ಲದ ಗುಡ್ಡಗಳು. ಎಲ್ಲಾ ಗಟ್ಟಿ ಕಲ್ಲು. ರೇಡಿಯೊ ಅಲೆ ಆ ಕಲ್ಲನ್ನ ದಾಟಲ್ಲ. ಬೆಟ್ಟದ ಆ ಕಡೆ ಟವರ್ ಇದ್ದರೆ ಈ ಕಡೆ ಊರಿಗೆ ನೆರಳು. ಬಿಸಿಲಿನ ನೆರಳು ಸಂಜೆಗೆ ಸರಿಯುತ್ತೆ, ಇದು ಸರಿಯಲ್ಲ.

ಇಷ್ಟಾದರೆ ಅರ್ಥ ಮಾಡಿಕೊಳ್ಳಬಹುದು. ನೆಟ್‌ವರ್ಕ್ ಇಲ್ಲ, ಕಡ್ಡಿಯೂ ಇಲ್ಲ, ಜಗಳವೂ ಇಲ್ಲ. ತಲೆ ಕೆಡಿಸೋದು ಬೇರೆ. ಫೋನ್ ಮೂರು ಕಡ್ಡಿ ತೋರಿಸುತ್ತೆ, ಕೆಲವು ಸಲ ನಾಲ್ಕಕ್ಕೆ ನಾಲ್ಕೂ ತೋರಿಸುತ್ತೆ, ಆದರೆ ಕಾಲ್ ಹೋಗಲ್ಲ. ಹೋದರೂ ಆ ಕಡೆಯವರು ‘ಹಲೋ, ಹಲೋ, ಕೇಳಿಸ್ತಿಲ್ಲ’ ಅಂತ ಇಟ್ಟುಬಿಡ್ತಾರೆ. ಒಟಿಪಿ ಹತ್ತು ನಿಮಿಷ ಬಿಟ್ಟು ಬರುತ್ತೆ, ಅಷ್ಟೊತ್ತಿಗೆ ಅದರ ಆಯಸ್ಸು ಮುಗಿದಿರುತ್ತೆ. ಟೊಮೆಟೊ ಮಂಡಿಯಲ್ಲಿ ಸ್ಕ್ಯಾನ್ ಮಾಡಿದ ದುಡ್ಡು ಸುತ್ತುತ್ತಾ ಕೂತಿರುತ್ತೆ. ಮನೆಯಲ್ಲಿ ಯಾರಿಗೋ ರಾತ್ರಿ ಎದೆನೋವು ಬಂದು 108ಕ್ಕೆ ಫೋನ್ ಮಾಡಬೇಕಾದಾಗ ಹೀಗಾದರೆ? ಕಡ್ಡಿ ನಂಬಿಕೊಂಡು ಅದೇ ಜಾಗದಲ್ಲಿ ನಿಂತು ಐದು ಸಲ ಡಯಲ್ ಮಾಡ್ತಾ ಇರ್ತೀವಿ. ಹತ್ತು ಹೆಜ್ಜೆ ಆಚೆ ಹೋಗಿದ್ದರೆ ಮೊದಲನೇ ಸಲಕ್ಕೇ ಸಿಗ್ತಿತ್ತೇನೋ.

ಹಾಗಾದರೆ ಕಡ್ಡಿ ಸುಳ್ಳು ಹೇಳ್ತಿದೆಯಾ? ಪೂರ್ತಿ ಸುಳ್ಳಲ್ಲ. ಆದರೆ ಅದು ಹೇಳೋದು ಒಂದು, ನಾವು ಅರ್ಥ ಮಾಡಿಕೊಳ್ಳೋದು ಇನ್ನೊಂದು. ಅದನ್ನ ಬಿಡಿಸಿ ನೋಡೋಣ.

ಮೊದಲನೇ ವಿಷಯ. ಕಡ್ಡಿಗೆ ಅಳತೆಗೋಲು ಇಲ್ಲ. ಒಂದು ಕೆಜಿ ಅಂದರೆ ಶಿಡ್ಲಘಟ್ಟದಲ್ಲೂ ಒಂದೇ, ಚಿಂತಾಮಣಿಯಲ್ಲೂ ಒಂದೇ. ‘ಮೂರು ಕಡ್ಡಿ’ಗೆ ಹಾಗೆ ಯಾವ ಕಾನೂನೂ ಇಲ್ಲ, ಎಲ್ಲಾ ಕಂಪನಿ ಒಪ್ಪಿದ ಲೆಕ್ಕವೂ ಇಲ್ಲ. ಫೋನ್ ಒಳಗೆ ನಿಜವಾಗಿ ಅಳೆಯೋದು ಒಂದು ಸಂಖ್ಯೆ. ಡಿಬಿಎಂ ಅಂತ ಅದರ ಮಾನ. ಯಾವಾಗಲೂ ಮೈನಸ್‌ನಲ್ಲಿ ಇರುತ್ತೆ. 4ಜಿಯಲ್ಲಿ ಮೈನಸ್ 80 ಅಂದರೆ ಚೆನ್ನಾಗಿದೆ. ಮೈನಸ್ 100 ಪರವಾಗಿಲ್ಲ. ಮೈನಸ್ 110 ದಾಟಿದರೆ ಒದ್ದಾಟ. ಮೈನಸ್ 120 ಹತ್ತಿರ ಹೋದರೆ ಈಗಲೋ ಆಗಲೋ ಅನ್ನೋ ಸ್ಥಿತಿ. ಈ ಸಂಖ್ಯೆಯನ್ನ ಎಷ್ಟು ಕಡ್ಡಿಯಾಗಿ ತೋರಿಸಬೇಕು ಅಂತ ತೀರ್ಮಾನ ಮಾಡೋದು ಫೋನ್ ಮಾಡಿದವರು, ಜೊತೆಗೆ ಸಿಮ್ ಕೊಟ್ಟ ಕಂಪನಿ.

ಆಂಡ್ರಾಯ್ಡ್‌ನ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ಅದರಲ್ಲಿ 4ಜಿಗೆ ಇಟ್ಟಿರೋ ಮಾಮೂಲಿ ಗೆರೆಗಳು ಹೀಗಿವೆ: ಮೈನಸ್ 128ಕ್ಕೆ ಒಂದು ಕಡ್ಡಿ, ಮೈನಸ್ 118ಕ್ಕೆ ಎರಡು, ಮೈನಸ್ 108ಕ್ಕೆ ಮೂರು, ಮೈನಸ್ 98ಕ್ಕೆ ನಾಲ್ಕು. ಸಿಮ್ ಕಂಪನಿ ಬೇಕಾದರೆ ಈ ಗೆರೆಗಳನ್ನ ಬದಲಾಯಿಸಬಹುದು, ಅದಕ್ಕೆ ಅಂತಲೇ ಸೆಟ್ಟಿಂಗ್ ಫೈಲ್ ಇದೆ. ಈಗ ಲೆಕ್ಕ ಹಾಕಿ. ಡಿಬಿ ಲೆಕ್ಕದಲ್ಲಿ ಹತ್ತು ಇಳಿದರೆ ಶಕ್ತಿ ಹತ್ತು ಪಟ್ಟು ಕಮ್ಮಿ ಅಂತ ಅರ್ಥ, ಇಪ್ಪತ್ತು ಇಳಿದರೆ ನೂರು ಪಟ್ಟು. ಟವರ್ ಬುಡದ ಟೀ ಅಂಗಡಿಯಲ್ಲಿ ಮೈನಸ್ 58 ಬರ್ತಿದೆ ಅನ್ನಿ, ದೂರದ ತೋಟದಲ್ಲಿ ಮೈನಸ್ 98. ಎರಡರ ಮಧ್ಯೆ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಎರಡು ಕಡೆನೂ ಫೋನ್ ತೋರಿಸೋದು ಮಾತ್ರ ‘ಫುಲ್’. ತೋಟದಲ್ಲಿ ನಿಂತವನು ಪಂಪ್‌ಹೌಸ್ ಒಳಗೆ ಎರಡು ಹೆಜ್ಜೆ ಇಟ್ಟ ಅಂದರೆ ಎಲ್ಲಾ ಕುಸಿಯುತ್ತೆ, ಅವನಿಗೆ ಆಶ್ಚರ್ಯ: ಈಗ ತಾನೇ ಫುಲ್ ಇತ್ತಲ್ಲಪ್ಪ!

ಇನ್ನೊಂದು ಮಜಾ ಕೇಳಿ. ಅದೇ ಆಂಡ್ರಾಯ್ಡ್ ಕೋಡ್‌ನಲ್ಲಿ ‘ಇನ್‌ಫ್ಲೇಟ್ ಸಿಗ್ನಲ್ ಸ್ಟ್ರೆಂತ್’ ಅಂತ ಒಂದು ಸ್ವಿಚ್ ಇದೆ. ಇನ್‌ಫ್ಲೇಟ್ ಅಂದರೆ ಊದಿಸೋದು, ಬಲೂನ್ ಊದಿದ ಹಾಗೆ. ಹೆಸರಲ್ಲೇ ಎಲ್ಲಾ ಇದೆ, ಮುಚ್ಚುಮರೆನೇ ಇಲ್ಲ. ಸಿಮ್ ಕಂಪನಿ ಆ ಸ್ವಿಚ್ ಆನ್ ಮಾಡಿದರೆ ಫೋನ್ ನಿಜವಾದ ಲೆಕ್ಕಕ್ಕೆ ಒಂದು ಕಡ್ಡಿ ಸೇರಿಸಿ ತೋರಿಸುತ್ತೆ. ಅಮೆರಿಕದ ದೊಡ್ಡ ಕಂಪನಿಗಳ ಸೆಟ್ಟಿಂಗ್‌ನಲ್ಲಿ ಇದು ಆನ್ ಆಗಿದೆ ಅಂತ 2025ರ ಕೊನೆಯಲ್ಲಿ ಸುದ್ದಿಯಾಯ್ತು. ನಮ್ಮ ಸಿಮ್‌ಗಳಿಗೂ ಇಂಥದ್ದೇ ಸೆಟ್ಟಿಂಗ್ ಫೈಲ್ ಇರುತ್ತೆ, ಫೋನ್ ಬಳಸೋ ನಮಗೆ ಅದು ಕಾಣೋ ಹಾಗಿಲ್ಲ. ನನ್ನ ತಕರಾರು ಇರೋದೇ ಇಲ್ಲಿ. ತಕ್ಕಡಿಗೆ ಅಂಗಡಿಯವನು ಕೈ ಇಟ್ಟರೆ ನಾವು ಸುಮ್ಮನಿರ್ತೀವಾ?

ಆಪಲ್ ಇದರಿಂದ ಹೊರತು ಅಂದುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಆಗ ಅಂಗನವಾಡಿಯಲ್ಲಿ ಇದ್ದಿರಬಹುದು, 2010ರ ಮಾತು. ಐಫೋನ್ 4 ಬಂತು. ಎಡಗಡೆ ಕೆಳ ಮೂಲೆ ಮುಚ್ಚೋ ಹಾಗೆ ಹಿಡಿದರೆ ಕಡ್ಡಿಗಳು ಬಿದ್ದು ಹೋಗೋವು. ದೊಡ್ಡ ಗಲಾಟೆ ಆಯ್ತು. ಜುಲೈ 2ಕ್ಕೆ ಕಂಪನಿ ಒಂದು ಪತ್ರ ಹೊರಡಿಸ್ತು: ನಾವು ಕಡ್ಡಿ ಲೆಕ್ಕ ಹಾಕೋ ಸೂತ್ರನೇ ಪೂರ್ತಿ ತಪ್ಪಿತ್ತು, ಎಷ್ಟೋ ಕಡೆ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಜಾಸ್ತಿ ತೋರಿಸ್ತಿದ್ವಿ ಅಂತ. ಮೊದಲ ಐಫೋನ್‌ನಿಂದಲೂ ಹಾಗೇ ಇತ್ತಂತೆ. ಅಂದರೆ ಸಿಗ್ನಲ್ ಮೊದಲೇ ಕಮ್ಮಿ ಇತ್ತು, ಜನರಿಗೆ ಗೊತ್ತಾಗಿರಲಿಲ್ಲ ಅಷ್ಟೇ. ಅದೇ ತಿಂಗಳು ಸಾಫ್ಟ್‌ವೇರ್ ಸರಿ ಮಾಡಿದರು, ಪುಕ್ಕಟೆ ಕವರ್ ಹಂಚಿದರು. ಅಮೆರಿಕದಲ್ಲಿ ಕೇಸ್ ಆಗಿ 2012ರಲ್ಲಿ ಗ್ರಾಹಕರಿಗೆ 15 ಡಾಲರ್ ಇಲ್ಲವೇ ಕವರ್ ಅಂತ ರಾಜಿ ಆಯ್ತು. ಇಷ್ಟೆಲ್ಲ ಆದಮೇಲೂ ಕಡ್ಡಿಗೆ ಒಂದು ಸಾಮಾನ್ಯ ಅಳತೆ ಬರಲೇ ಇಲ್ಲ.

ಸರಿ, ಇದು ತೋರಿಸೋ ಲೆಕ್ಕದ ಮಾತಾಯ್ತು. ಕಡ್ಡಿ ಪ್ರಾಮಾಣಿಕವಾಗಿ ಇದ್ದರೂ ಮೋಸ ಹೋಗೋ ಒಂದು ಕಡೆ ಇದೆ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕೆಂದರೆ ಹಳ್ಳಿ ಕಡೆ ಆಗೋ ತೊಂದರೆ ಜಾಸ್ತಿ ಇಲ್ಲೇ.

ಜಾತ್ರೆ ಟೈಮಲ್ಲಿ ಊರ ದೇವಸ್ಥಾನದಲ್ಲಿ ಮೈಕ್‌ಸೆಟ್ ಹಾಕ್ತಾರಲ್ವಾ? ಒಂದೂವರೆ ಕಿಲೋಮೀಟರ್ ದೂರದ ಹೊಲದಲ್ಲೂ ಹಾಡು ಕೇಳುತ್ತೆ. ಈಗ ನೀವು ಹೊಲದಲ್ಲಿ ನಿಂತು ‘ಆ ಹಾಡು ಬದಲಾಯಿಸ್ರೋ’ ಅಂತ ಕೂಗಿ. ದೇವಸ್ಥಾನದಲ್ಲಿ ಯಾರಿಗಾದರೂ ಕೇಳುತ್ತಾ? ಅವರ ದನಿ ನಿಮಗೆ ಮುಟ್ಟಿದೆ, ನಿಮ್ಮ ದನಿ ಅವರಿಗೆ ಮುಟ್ಟಿಲ್ಲ. ಮೊಬೈಲ್‌ನಲ್ಲೂ ಇಷ್ಟೇ ಆಗೋದು. ಟವರ್ ಸಾಮಾನ್ಯವಾಗಿ 20, 40 ವಾಟ್ ಶಕ್ತಿಯಲ್ಲಿ ಕೂಗುತ್ತೆ. ನಿಮ್ಮ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿದರೂ ಸುಮಾರು 0.2 ವಾಟ್. ನೂರು, ಇನ್ನೂರು ಪಟ್ಟು ಅಂತರ. ಟವರ್‌ಗೆ ಒಳ್ಳೇ ಕಿವಿ ಇದೆ, ದೊಡ್ಡ ಆಂಟೆನಾ ಇದೆ, ಹಾಗಾಗಿ ಹತ್ತಿರ ಇದ್ದಾಗ ಲೆಕ್ಕ ಸರಿಹೋಗುತ್ತೆ. ಅಂಚಿಗೆ ಹೋದಾಗ ಮೊದಲು ಸೋಲೋದು ನಿಮ್ಮ ದನಿ. ಮತ್ತೆ ಕಡ್ಡಿ ಅಳೆಯೋದು ಏನನ್ನ? ಟವರ್‌ನಿಂದ ನಿಮಗೆ ಬಂದ ದನಿ ಮಾತ್ರ. ನಿಮ್ಮ ದನಿ ಟವರ್‌ಗೆ ಹೋಯ್ತಾ ಇಲ್ವಾ ಅನ್ನೋದು ಕಡ್ಡಿಯಲ್ಲಿ ಇಲ್ಲವೇ ಇಲ್ಲ.

ಅದಕ್ಕೇ ಆ ಕಡೆಯವರ ಮಾತು ನಿಮಗೆ ಸ್ಪಷ್ಟ ಕೇಳುತ್ತೆ, ಅವರು ಮಾತ್ರ ‘ಏನಂದೆ, ಏನಂದೆ’ ಅಂತಾರೆ. ಬ್ಯಾಟರಿ ಬೇಗ ಇಳಿಯೋದೂ ಇದಕ್ಕೇ. ದೂರದ ಟವರ್‌ಗೆ ಮುಟ್ಟಲಿ ಅಂತ ಫೋನ್ ಗಂಟಲು ಹರಿಯೋ ಹಾಗೆ ಕೂಗ್ತಾ ಇರುತ್ತೆ. ಬೆಂಗಳೂರಲ್ಲಿ ಸಂಜೆವರೆಗೂ ಬರೋ ಚಾರ್ಜ್ ಊರಿಗೆ ಹೋದಾಗ ಮಧ್ಯಾಹ್ನಕ್ಕೇ ಮುಗಿದರೆ ಫೋನ್ ಹಳೇದಾಯ್ತು ಅಂತ ಬೈಯಬೇಡಿ.

ಮನೆ ಕಟ್ಟಿರೋ ರೀತಿಯೂ ಸೇರಿಕೊಳ್ಳುತ್ತೆ. ನಮ್ಮ ಈ ಭಾಗದಲ್ಲಿ ಕಲ್ಲಿಗೆ ಬರ ಇಲ್ಲ. ಹಳೇ ಮನೆಗಳಿಗೆ ಕಲ್ಲಿನ ಗೋಡೆ, ಕೆಲವಕ್ಕೆ ಮೇಲೂ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ತಂಪು, ಸಿಗ್ನಲ್‌ಗೆ ಕೋಟೆ. ಹುಳು ಸಾಕೋ ಮನೆಗೆ ತಗಡಿನ ಶೀಟ್ ಹಾಕಿದ್ದರೆ ಇನ್ನೂ ಕಷ್ಟ, ತಗಡು ಅಲೆಯನ್ನ ವಾಪಸ್ ಎಸೆಯುತ್ತೆ. ಅಂಗಳದಲ್ಲಿ ಮಾತಾಡ್ತಾ ಒಳಗೆ ಬಂದ ತಕ್ಷಣ ಕಟ್ ಆಗೋದು, ಆದರೂ ಕಡ್ಡಿ ಒಂದಿಷ್ಟು ಹೊತ್ತು ಹಾಗೇ ನಿಂತಿರೋದು ನೋಡಿದ್ದೀರಲ್ಲ? ಕಡ್ಡಿ ಕ್ಷಣಕ್ಷಣಕ್ಕೂ ಕುಣಿಯಬಾರದು ಅಂತ ಫೋನ್ ಅದನ್ನ ಸ್ವಲ್ಪ ನಿಧಾನಕ್ಕೆ ಬದಲಾಯಿಸುತ್ತೆ. ನೀವು ನೋಡ್ತಿರೋದು ಹಳೇ ಸುದ್ದಿ.

ಮೂರನೇದು ಗದ್ದಲ. ಇದನ್ನ ಹೇಳೋಕೆ ನಾನು ನಿಮ್ಮನ್ನ ಗೌರಿಬಿದನೂರಿಗೆ ಕರ್ಕೊಂಡು ಹೋಗಬೇಕು. ಆ ಊರಂದ ತಕ್ಷಣ ಎಲ್ಲರಿಗೂ ವಿದುರಾಶ್ವತ್ಥ ನೆನಪಾಗುತ್ತೆ, ಸರಿ. ಆದರೆ ಸಿಗ್ನಲ್ ವಿಷಯದಲ್ಲಿ ಗೌರಿಬಿದನೂರಿಗೆ ಪ್ರಪಂಚದ ವಿಜ್ಞಾನಿಗಳ ನಡುವೆ ಹೆಸರಿದೆ, ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. 1976ರಿಂದ ಅಲ್ಲಿ ರೇಡಿಯೊ ದೂರದರ್ಶಕ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ನಡೆಸೋದು. ‘ಟಿ’ ಅಕ್ಷರದ ಆಕಾರದಲ್ಲಿ ಬಯಲಲ್ಲಿ ಸಾವಿರ ಆಂಟೆನಾ ನೆಟ್ಟಿದ್ದರು. ಪೂರ್ವ-ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್ ಉದ್ದ. ಆಮೇಲೆ ಸೂರ್ಯನನ್ನೇ ಗಮನಿಸೋಕೆ ಬೇರೆ ಆಂಟೆನಾ ಸಾಲು ಬಂತು. ಕಣ್ಣಿಗೆ ನೋಡೋಕೆ ತಂತಿ ಕಂಬಗಳ ತೋಟ, ಅಷ್ಟೇ. ಕೇಳಿಸಿಕೊಳ್ಳೋದು ಸೂರ್ಯನನ್ನ, ಆಕಾಶಗಂಗೆಯನ್ನ.

ಅಲ್ಲಿಗೆ ಬರೋ ಸಿಗ್ನಲ್ ನಿಮ್ಮ ಫೋನಿನ ಒಂದು ಕಡ್ಡಿಗಿಂತ ಎಷ್ಟೋ ಪಾಲು ಸಣ್ಣದು. ಆದರೂ ಕೆಲಸ ಆಗುತ್ತೆ. ಹೇಗೆ? ಅವರು ‘ಎಷ್ಟು ಜೋರು’ ಅಂತ ಮಾತ್ರ ಕೇಳಲ್ಲ, ‘ಗದ್ದಲದ ಮೇಲೆ ಎಷ್ಟು ಎದ್ದು ಕಾಣುತ್ತೆ’ ಅಂತ ಕೇಳ್ತಾರೆ. ಅಂಥ ಕೇಂದ್ರಗಳನ್ನ ಊರ ಗದ್ದಲದಿಂದ ದೂರ ಇಡೋದೇ ಅದಕ್ಕೆ. ನಿಮ್ಮ ಫೋನಿಗೂ ಈ ಪ್ರಶ್ನೆನೇ ಮುಖ್ಯ. ಸಿಗ್ನಲ್ ಜೋರಾಗಿದೆ, ಆದರೆ ಪಕ್ಕದ ಮೂರು ಟವರ್ ಒಟ್ಟಿಗೆ ಅದೇ ತರಂಗದಲ್ಲಿ ಕೂಗ್ತಿದ್ದರೆ? ಸಂತೆಯಲ್ಲಿ ನಾಲ್ಕು ಜನ ಒಟ್ಟಿಗೆ ರೇಟ್ ಕೂಗಿದ ಹಾಗೆ, ಎಲ್ಲಾ ಜೋರು, ಯಾವುದೂ ಅರ್ಥ ಆಗಲ್ಲ. ಗುಡ್ಡದ ತುದಿಗೆ ಹೋದಾಗ ಹೀಗಾಗುತ್ತೆ. ಸ್ಕಂದಗಿರಿ ಹತ್ತಿದವರು ‘ಮೇಲೆ ಫುಲ್ ಟವರ್, ಆದರೆ ಸ್ಟೋರಿ ಅಪ್‌ಲೋಡ್ ಆಗಲ್ಲ’ ಅಂದರೆ ಆಶ್ಚರ್ಯ ಪಡಬೇಡಿ. ಅಷ್ಟು ಎತ್ತರದಿಂದ ದೂರದೂರದ ಟವರ್ ಎಲ್ಲಾ ಕಾಣುತ್ತೆ, ಯಾವುದೂ ನಿಮಗೋಸ್ಕರ ತಿರುಗಿರಲ್ಲ. ಆಂಟೆನಾಗಳನ್ನ ಸಾಮಾನ್ಯವಾಗಿ ಕೆಳಗಿನ ಊರಿನ ಕಡೆ ಬಗ್ಗಿಸಿರ್ತಾರೆ.

ಗದ್ದಲದ ಇನ್ನೊಂದು ರೂಪ ನೂಕುನುಗ್ಗಲು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಬೆಳಗ್ಗೆ ಹೊತ್ತು ಹೇಗಿರುತ್ತೆ ಅಂತ ರೇಷ್ಮೆ ಮನೆಯವರಿಗೆ ಹೇಳಬೇಕಾಗಿಲ್ಲ. ರೈತರು, ರೀಲರ್‌ಗಳು, ಆಟೊದವರು, ಎಲ್ಲರ ಕೈಯಲ್ಲೂ ಫೋನ್. ಇ-ಹರಾಜು ಬಂದಮೇಲೆ ವ್ಯವಹಾರವೂ ನೆಟ್‌ವರ್ಕ್ ಮೇಲೆ ನಿಂತಿದೆ. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಬರೋ ಸೀಸನ್‌ನಲ್ಲೂ ಅಷ್ಟೇ. ಟವರ್ ಪಕ್ಕದಲ್ಲೇ ಇದ್ದರೆ ಕಡ್ಡಿ ಫುಲ್. ಆದರೆ ಒಂದು ಟವರ್‌ನ ಸಾಮರ್ಥ್ಯವನ್ನ ನೂರಾರು ಜನ ಹಂಚಿಕೊಳ್ಳಬೇಕು. ಬಸ್ ಬಂದಿದೆ, ಬಾಗಿಲು ತೆರೆದಿದೆ, ಒಳಗೆ ಕಾಲಿಡೋಕೆ ಜಾಗ ಇಲ್ಲ. ಕಡ್ಡಿ ಹೇಳೋದು ಬಸ್ ಬಂತು ಅಂತ ಮಾತ್ರ.

ಇಲ್ಲಿ ದುಡ್ಡಿನ ಮಾತು ಬಂತು, ಅದಕ್ಕೆ ಒಂದು ಉಪಯೋಗದ ಸಂಗತಿ. ಯುಪಿಐನಲ್ಲಿ ನಿಮ್ಮ ಖಾತೆಯಿಂದ ದುಡ್ಡು ಹೋಗಿ ಎದುರಿನವರಿಗೆ ಸೇರದೇ ಇದ್ದರೆ, ವ್ಯಕ್ತಿಗೆ ಕಳಿಸಿದ ದುಡ್ಡು ಮಾರನೇ ದಿನದೊಳಗೆ, ಅಂಗಡಿಗೆ ಕಳಿಸಿದ್ದು ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮಂಡಿಯಲ್ಲಿ ನಿಂತು ಸುತ್ತುತ್ತಿರೋ ಪರದೆ ನೋಡಿ ಎರಡನೇ ಸಲ ಒತ್ತೋ ಮೊದಲು ಖಾತೆಯಲ್ಲಿ ದುಡ್ಡು ಹೋಗಿದೆಯಾ ಅಂತ ನೋಡಿಕೊಳ್ಳಿ. ಕಡ್ಡಿ ಫುಲ್ ಇದೆಯಲ್ಲಾ ಅಂತ ಮತ್ತೆ ಮತ್ತೆ ಒತ್ತಿದರೆ ಎರಡೆರಡು ಸಲ ಹೋಗುತ್ತೆ.

5ಜಿ ಗುರುತಿನ ಬಗ್ಗೆ ಕೇಳದೇ ಬಿಡ್ತೀರಾ? ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ಕ್ಕೆ. ಜಿಯೊ ಮೊದಲಿನಿಂದ ಸ್ವತಂತ್ರ 5ಜಿ ಹಾಕಿತು. ಏರ್‌ಟೆಲ್ ಶುರು ಮಾಡಿದ್ದು 4ಜಿ ಹೆಗಲ ಮೇಲೆ 5ಜಿ ಕೂರಿಸೋ ವಿಧಾನದಲ್ಲಿ. ಈ ಎರಡನೇ ವಿಧಾನದಲ್ಲಿ 4ಜಿ ಟವರ್ ‘ಈ ಏರಿಯಾದಲ್ಲಿ 5ಜಿ ಸಿಗಬಹುದು’ ಅಂತ ಸಾರುತ್ತೆ. ಅಷ್ಟು ಕೇಳಿಯೇ ಫೋನ್ 5ಜಿ ಅಂತ ಬರೆದುಕೊಳ್ಳಬಹುದು, ನಿಜವಾಗಿ ನೀವು ಓಡ್ತಿರೋದು 4ಜಿ ಮೇಲೆ. ಅಮೆರಿಕದ ಎಟಿ ಆ್ಯಂಡ್ ಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. 2019ರ ಜನವರಿಯಲ್ಲಿ ಮಾಮೂಲಿ 4ಜಿ ಫೋನ್‌ಗಳ ಮೇಲೆ ‘5ಜಿ ಇ’ ಅಂತ ತೋರಿಸೋಕೆ ಶುರು ಮಾಡ್ತು. ಅಲ್ಲಿನ ಜಾಹೀರಾತು ಮಂಡಳಿ 2020ರಲ್ಲಿ ನಿಲ್ಲಿಸಿ ಅಂದಾಗ ಜಾಹೀರಾತು ನಿಲ್ಲಿಸಿದರು, ಫೋನ್ ಮೇಲಿನ ಗುರುತು ಹಾಗೇ ಬಿಟ್ಟರು!

ಗಡಿ ಊರಿನವರಿಗೆ ಒಂದು ಮಾತು. ಗೌರಿಬಿದನೂರು ತಾಲ್ಲೂಕಿನ ಆ ತುದಿ ಹಿಂದೂಪುರದ ಕಡೆ, ಚಿಂತಾಮಣಿಯ ಆ ತುದಿ ಮದನಪಲ್ಲಿ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಮಗೆ ಗಡಿ ಅನ್ನೋದು ಅಷ್ಟಾಗಿ ಅಡ್ಡ ಬರಲ್ಲ. ಸಿಮ್‌ಗೆ ಬರುತ್ತೆ. ಟೆಲಿಕಾಂ ಲೆಕ್ಕದಲ್ಲಿ ಕರ್ನಾಟಕ ಒಂದು ವೃತ್ತ, ಆಂಧ್ರ ಇನ್ನೊಂದು. ನಿಮ್ಮ ಫೋನ್ ಆಂಧ್ರದ ಟವರ್ ಹಿಡಿದರೆ ಕೆಲವು ಫೋನ್‌ಗಳಲ್ಲಿ ಕಡ್ಡಿ ಪಕ್ಕ ‘ಆರ್’ ಅನ್ನೋ ಸಣ್ಣ ಅಕ್ಷರ ಬರುತ್ತೆ. ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಕಡ್ಡಿ ಫುಲ್, ಇಂಟರ್ನೆಟ್ ಸೊನ್ನೆ. ಆನ್ ಮಾಡಿದರೆ ಕೆಲಸ ಮುಗೀತು. ಎರಡು ಸಿಮ್ ಹಾಕಿರೋರು ಇನ್ನೊಂದು ನೋಡಿಕೊಳ್ಳಿ: ಕಡ್ಡಿ ನೋಡ್ತಿರೋದು ಒಂದು ಸಿಮ್‌ದು, ಡೇಟಾ ಓಡ್ತಿರೋದು ಇನ್ನೊಂದರಲ್ಲಿ. ನಗಬೇಡಿ, ಎಲ್ಲರ ಮನೆಯಲ್ಲೂ ಆಗಿದೆ.

ಕಡ್ಡಿ ಉಲ್ಟಾ ದಿಕ್ಕಿನಲ್ಲೂ ದಾರಿ ತಪ್ಪಿಸುತ್ತೆ. ಇದು ಜೀವದ ಪ್ರಶ್ನೆ, ದಯವಿಟ್ಟು ಕೇಳಿಸಿಕೊಳ್ಳಿ. ನಿಮ್ಮ ಸಿಮ್‌ಗೆ ಒಂದು ಕಡ್ಡಿನೂ ಇಲ್ಲ, ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬಂದಿದೆ ಅನ್ನಿ. ಅದರರ್ಥ ಅಲ್ಲಿ ಬೇರೆ ಕಂಪನಿಯ ಟವರ್ ಇದೆ. 112ಕ್ಕೆ ಮಾಡಿದರೆ ಫೋನ್ ಆ ಬೇರೆ ಟವರ್ ಮೂಲಕ ಕರೆ ಕಳಿಸೋಕೆ ನೋಡುತ್ತೆ. ಕಡ್ಡಿ ಇಲ್ಲ ಅಂತ ಫೋನ್ ಜೇಬಿಗೆ ಹಾಕಬೇಡಿ, 112 ಒತ್ತಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೇ ನಂಬರ್.

ಈಗ ಕಡ್ಡಿ ಬಿಟ್ಟು ಸಂಖ್ಯೆ ನೋಡೋದು ಹೇಗೆ? ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಬದಲಾಗುತ್ತೆ. ಅಲ್ಲಿ ‘ಸಿಗ್ನಲ್ ಸ್ಟ್ರೆಂತ್’ ಮುಂದೆ ಮೈನಸ್ ಸಂಖ್ಯೆ ಇರುತ್ತೆ. ಐಫೋನ್‌ನಲ್ಲಿ *3001#12345#* ಅಂತ ಡಯಲ್ ಮಾಡಿ, ಪರೀಕ್ಷಾ ಪರದೆ ತೆರೆಯುತ್ತೆ, ಅದರಲ್ಲಿ ‘ಆರ್‌ಎಸ್‌ಆರ್‌ಪಿ’ ಅಂತ ಹುಡುಕಿ. ಮನೆಯ ಪ್ರತಿ ಮೂಲೆಯಲ್ಲೂ ಒಂದೊಂದು ನಿಮಿಷ ನಿಂತು ನೋಡಿ. ಅಡುಗೆಮನೆಯಲ್ಲಿ ಮೈನಸ್ 117, ಮೆಟ್ಟಿಲ ಮೇಲೆ ಮೈನಸ್ 104 ಅಂತ ಬಂದರೆ, ಎರಡರಲ್ಲೂ ಕಡ್ಡಿ ಒಂದೇ ಥರ ಕಂಡರೂ ಮೆಟ್ಟಿಲು ಇಪ್ಪತ್ತು ಪಟ್ಟು ಮೇಲು. ಅಜ್ಜಿಗೆ ಆ ಮೆಟ್ಟಿಲು ತೋರಿಸಿ, ‘ಫೋನ್ ಇಲ್ಲಿ ನಿಂತು ಮಾಡಜ್ಜಿ’ ಅಂತ ಹೇಳಿ. 5ಜಿಯಲ್ಲಿ ಒದ್ದಾಡ್ತಿದ್ದರೆ ಸೆಟ್ಟಿಂಗ್‌ನಲ್ಲಿ 4ಜಿಗೆ ಇಳಿಸಿ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಆಗ ಕಡ್ಡಿಗೂ ಕಾಲ್‌ಗೂ ಸಂಬಂಧವೇ ಇರಲ್ಲ. ಆನ್‌ಲೈನ್‌ನಲ್ಲಿ ಮಾರೋ ಬೂಸ್ಟರ್ ಮಾತ್ರ ತರಿಸಬೇಡಿ. ಅನುಮತಿ ಇಲ್ಲದೆ ಹಾಕೋದು ಕಾನೂನಿಗೆ ವಿರುದ್ಧ, ನಿಮ್ಮ ಮನೆ ಕಡ್ಡಿ ಏರಿಸಿ ಇಡೀ ಬೀದಿಯ ಕಾಲ್ ಕೆಡಿಸುತ್ತೆ.

ಸಂಖ್ಯೆ ಬೇಕಾಗಿರೋದು ಇನ್ನೊಂದು ಕಾರಣಕ್ಕೆ. ಸರಿಯಾಗಿ ಕಾಲ್ ಹೋಗ್ತಿಲ್ಲ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದವರಿಗೆ ಮೊದಲು ಬರೋ ಪ್ರಶ್ನೆ ಗೊತ್ತಲ್ಲ: ‘ಸರ್, ಎಷ್ಟು ಪಾಯಿಂಟ್ ತೋರಿಸ್ತಿದೆ?’ ನಾವು ಪ್ರಾಮಾಣಿಕವಾಗಿ ‘ಫುಲ್’ ಅಂತೀವಿ. ‘ಹಾಗಾದರೆ ನಿಮ್ಮ ಹ್ಯಾಂಡ್‌ಸೆಟ್ ಪ್ರಾಬ್ಲಂ ಸರ್, ರೀಸ್ಟಾರ್ಟ್ ಮಾಡಿ.’ ಮುಗೀತು ದೂರು. ಕಡ್ಡಿ ಊದಿಸಿದವರಿಗೆ ಅದೇ ಕಡ್ಡಿ ಸಾಕ್ಷಿ! ಅದಕ್ಕೇ ದೂರು ಕೊಡುವಾಗ ಜಾಗ, ಹೊತ್ತು, ಡಿಬಿಎಂ ಸಂಖ್ಯೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 198ಕ್ಕೆ ಮಾಡಿ, ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಿ. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಫೀಸ್ ಇಲ್ಲ. ಅದೂ ಆಗದಿದ್ದರೆ ಕೇಂದ್ರದ ಪಿಜಿ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಿ. ಟ್ರಾಯ್ ಒಬ್ಬೊಬ್ಬರ ದೂರು ತಗೊಳ್ಳಲ್ಲ, ಅಲ್ಲಿ ಬರೆದು ಕಾಯಬೇಡಿ.

ಆದರೆ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳು ನಮ್ಮ ಕೈಗೆ ಎರಡು ಅಸ್ತ್ರ ಕೊಟ್ಟಿವೆ. ಒಂದು, ಪ್ರತಿ ಕಂಪನಿಯೂ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತೆ ಅನ್ನೋ ನಕ್ಷೆಯನ್ನ ತನ್ನ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ನಿಮ್ಮ ಊರನ್ನ ಅದರಲ್ಲಿ ದೊಡ್ಡದು ಮಾಡಿ ನೋಡಿ. ಬಣ್ಣ ತುಂಬಿದ್ದಾರೆ, ನಿಮ್ಮ ಫೋನ್ ಮೈನಸ್ 119 ಅಂತಿದೆ ಅಂದರೆ ದೂರಿಗೆ ಅದಕ್ಕಿಂತ ಒಳ್ಳೇ ಆಧಾರ ಬೇಕಾ? ಎರಡು, ಇಡೀ ಜಿಲ್ಲೆಯಲ್ಲಿ ನೆಟ್‌ವರ್ಕ್ 24 ಗಂಟೆಗಿಂತ ಹೆಚ್ಚು ಬಿದ್ದುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಜಿಲ್ಲೆ ಅನ್ನೋ ಪದ ಗಮನಿಸಿ. ಬೆಟ್ಟದ ಹಿಂದಿನ ಒಂದು ಊರು ವರ್ಷವಿಡೀ ಬಿದ್ದಿದ್ದರೂ ಆ ಲೆಕ್ಕಕ್ಕೆ ಬರಲ್ಲ. ಈ ನಿಯಮ ಅರ್ಧ ಅನ್ನೋದು ನನ್ನ ಅಭಿಪ್ರಾಯ. ಫೋನಿನ ಮೇಲೆ ಕಡ್ಡಿ ಪಕ್ಕ ಆ ಸಂಖ್ಯೆನೂ ಕಾಣಲಿ ಅಂತ ಒಂದು ಸಾಲು ಸೇರಿಸಿದ್ದರೆ ಯಾರಿಗೂ ಖರ್ಚಿರಲಿಲ್ಲ. ಬ್ಯಾಟರಿಗೆ ಶೇಕಡಾವಾರು ತೋರಿಸೋಕೆ ಆಗುತ್ತೆ, ಇದಕ್ಕೆ ಯಾಕೆ ಆಗಲ್ಲ?

ಟವರ್ ಎಲ್ಲಿದೆ ಅಂತ ನೋಡಬೇಕಾದರೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್ ಇದೆ. ಪೋರ್ಟ್ ಮಾಡಿಸೋ ಮೊದಲು ಸ್ನೇಹಿತನ ಆ ಕಂಪನಿಯ ಸಿಮ್ ಒಂದು ದಿನ ಈಸ್ಕೊಂಡು, ನಿಮ್ಮ ಮನೆಯೊಳಗೆ ಹಾಕಿ, ಕಾಲ್ ಮಾಡಿ ನೋಡಿ. ಯಾವ ನಕ್ಷೆಗಿಂತಲೂ ಅದು ವಾಸಿ.

ಶುರುವಿನಲ್ಲಿ ಎಷ್ಟು ಕಡ್ಡಿ ಅಂತ ನೋಡಿಕೊಂಡಿದ್ದಿರಲ್ಲ, ಈಗ ಅದರ ಹಿಂದಿನ ಸಂಖ್ಯೆ ನೋಡಿ. ನಾಲ್ಕು ತಾಲ್ಲೂಕಿನವರು ಊರ ಹೆಸರು, ಕಂಪನಿ, ಮನೆ ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಹೆಸರು ಬೇಡ, ಊರ ಹೆಸರು ಸಾಕು. ಕಳಿಸೋಕೆ ನೆಟ್‌ವರ್ಕ್ ಸಿಗದಿದ್ದರೆ ಮೆಟ್ಟಿಲು ಹತ್ತಿ ಕಳಿಸಿ. ಮುಂದಿನ ವಾರ ಅವನ್ನೆಲ್ಲ ಓದ್ತೀನಿ.